ಕಾಫಿ ಕುಯ್ಲಿಗೆ ನಾನು ಕೊಟ್ಟ ಪುಸ್ತಕ

ಜನ ಪುಸ್ತಕ ಓದುವುದಿಲ್ಲ ಎಂಬುದು ಶುದ್ಧ ಸುಳ್ಳು. ಸರಿಯಾದ ಪುಸ್ತಕ ಕೈಗಿಡುವವರಿಲ್ಲ, ಅಷ್ಟೇ! ವಸ್ತಾರೆಯ ಪಕ್ಕದಲ್ಲಿ ನಾಲ್ಕು ಎಕರೆ ಕಾಫಿ ತೋಟವಿರುವ ನಿವೃತ್ತ ಮೇಷ್ಟ್ರಾದ ನಾನು ಈ ಲೋಕಕಲ್ಯಾಣದ ಹೊಣೆ ಹೊತ್ತೆ. ರಾಜರ ಜೀವನಚರಿತ್ರೆ, ನಾಟಕದವರ ಆತ್ಮಕಥೆ ಕೊಟ್ಟು ನೋಡಿ. ಜಗಳ, ಪ್ರೇಮ, ಬಣ್ಣ ಎಲ್ಲವೂ ಇರುತ್ತದೆ. ಬೇಸರದ ಮಾತೇ ಇಲ್ಲ.

ಮೊದಲು ಪಕ್ಕದ ತೋಟದ ಪುಟ್ಟೇಗೌಡರಿಗೆ ಒಬ್ಬ ರಾಜನ ಚರಿತ್ರೆ ಕೊಟ್ಟೆ. ವಾರ ಬಿಟ್ಟು ಬಂದರು.

"ಮೇಷ್ಟ್ರೇ, ಆ ರಾಜಂಗೆ ಏಳು ಜನ ಹೆಂಡ್ತೀರಂತೆ. ಒಬ್ಳೂ ಮಾತು ಕೇಳ್ತಿರ್ಲಿಲ್ವಂತೆ. ಓದಿ ಬಾಳ ಸಮಾಧಾನ ಆಯ್ತು ಮಾರಾಯ್ರೆ!"

ನನಗೆ ಕೋಡು ಮೂಡಿತು. ಅದೇ ಹುರುಪಿನಲ್ಲಿ ನಮ್ಮ ಮೇಸ್ತ್ರಿ ಶೀನಪ್ಪನಿಗೆ ನಾಟಕ ಕಂಪನಿಯ ಹಳೇ ನಟಿಯೊಬ್ಬರ ಆತ್ಮಕಥೆ ಕೊಟ್ಟೆ. ನಾನದನ್ನು ಓದಿರಲಿಲ್ಲ. ಮುಖಪುಟ ಚೆನ್ನಾಗಿತ್ತು.

ಆಗ ಕುಯ್ಲಿನ ಕಾಲ. ಆಳು ಸಿಗುವುದೇ ದುರ್ಲಭ, ಹಣ್ಣು ಉದುರಲು ಶುರುವಾಗಿತ್ತು. ಮಾರನೇ ದಿನ ತೋಟಕ್ಕೆ ಹೋದರೆ ಶೀನಪ್ಪ ಕಲ್ಲಿನ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದಾನೆ, ಕುಯ್ಯಲು ಬಂದ ಹೆಂಗಸರೆಲ್ಲ ಸುತ್ತ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಾರೆ! ಚೀಲಗಳೆಲ್ಲ ಖಾಲಿ.

"ವರ್ಷದ ಬೆಳೆ ನೆಲಕ್ಕೆ ಬೀಳ್ತಾ ಇದೆ. ಮೊದ್ಲು ಆ ಪುಸ್ತಕ ಕಿತ್ಕೊಳ್ಳಿ!" ಎಂದಳು ಜೊತೆಗೆ ಬಂದಿದ್ದ ನನ್ನ ಹೆಂಡತಿ ವಿಮಲ. ಕಿತ್ತುಕೊಂಡೆ.

ಕುಯ್ಯುವವರಲ್ಲಿ ಹಿರಿಯಳಾದ ಲಕ್ಷ್ಮಮ್ಮ ಸೊಂಟಕ್ಕೆ ಕೈಯಿಟ್ಟು ಎದ್ದು ನಿಂತಳು.

"ಕಂಪನಿ ಮುಳುಗ್ತಲ್ಲ, ಆಯಮ್ಮ ಆಮೇಲೆ ಏನಾದ್ರು? ಹೇಳ್ದೇ ಇದ್ರೆ ನಾವು ಗಿಡ ಮುಟ್ಟಾದಿಲ್ಲ."

ಪುಸ್ತಕ ಕೊಟ್ಟವನೇ ಗೊತ್ತಿಲ್ಲ ಎನ್ನಲಾದೀತೇ? ವಿಷಯ ಬೇಗ ಮುಗಿಯಲಿ ಎಂದು ಗಂಭೀರವಾಗಿ ಘೋಷಿಸಿದೆ: "ಅದೇ ದುಃಖದಲ್ಲಿ ತೀರಿಕೊಂಡರು."

ಶೀನಪ್ಪ ತಲೆ ಕೆರೆದುಕೊಂಡ.

"ಮತ್ತೆ ಪುಸ್ತಕ ಬರ್ದಿದ್ದು ಯಾರು ಮೇಷ್ಟ್ರೇ?"

ಆ ನಗು ಮೂರು ತೋಟದಾಚೆಗೆ ಕೇಳಿರಬೇಕು. ವಿಮಲಳೂ ನಕ್ಕಳು, ಅದಕ್ಕೇ ಹೆಚ್ಚು ಹೊಟ್ಟೆ ಉರಿಯಿತು. ಲಕ್ಷ್ಮಮ್ಮ ತೀರ್ಪು ಕೊಟ್ಟಳು: "ಶೀನಪ್ಪ ನಮ್ ಜೊತೆ ನಡ್ಕಂಡು ಓದ್ಲಿ, ನಾವು ಕೇಳ್ತಾ ಕುಯ್ತೀವಿ. ಅವ್ನ ಸಾಲು ನೀವು ಕುಯ್ರಿ."

ಬೇರೆ ದಾರಿಯಿರಲಿಲ್ಲ. ಸೊಂಟಕ್ಕೆ ಚೀಲ ಕಟ್ಟಿದೆ. ಕೆಂಪಿರುವೆ ಕಚ್ಚಿತು, ಬೆನ್ನು ಹಿಡಿಯಿತು. ಹೆಂಗಸರ ಕೈ ಮಾತ್ರ ಎಂದಿಗಿಂತ ಚುರುಕಾಗಿ ಓಡಿತು.

ಸಂಜೆ ಶೀನಪ್ಪ ನನ್ನ ಚೀಲ ಸುರಿದು ನೋಡಿದ. ಅರ್ಧಕ್ಕರ್ಧ ಹಸಿರು ಕಾಯಿ!

"ಬೇಜಾರ್ ಮಾಡ್ಕಬ್ಯಾಡಿ ಮೇಷ್ಟ್ರೇ. ನಾಳೆಯಿಂದ ನೀವು ಕೆಲ್ಸಕ್ಕೆ ಬರಾದ್ ಬ್ಯಾಡ."

ಹೀಗೆ, ನನ್ನ ಸ್ವಂತ ತೋಟದ ಕೆಲಸದಿಂದಲೇ ನನ್ನನ್ನು ವಜಾ ಮಾಡಲಾಯಿತು. ವಿಮಲ ತಡೆಯಲಿಲ್ಲ.