ಮೇಷ್ಟ್ರ ಬೈಕಿನ ಹದಿನೈದು ಹಲ್ಲು

ನಮ್ಮ ಮನೆ ಬಾಗಿಲು ತೆಗೆದರೆ ಎದುರಿಗೇ ಬೈಕ್ ರಿಪೇರಿ ಶೆಡ್ಡು. ಶಿಡ್ಲಘಟ್ಟದಲ್ಲಿ ಕೆಟ್ಟದ್ದೆಲ್ಲ ಮೊದಲು ಅಲ್ಲಿಗೇ ಬರೋದು, ಮನುಷ್ಯರೂ ಸೇರಿ. ಜಗಲಿ ಮೇಲೆ ಹೂ ಕಟ್ಟುತ್ತಾ ಕೂತರೆ ದಿನಕ್ಕೆ ಒಂದು ಸಲವಾದರೂ ನನ್ನ ಎದೆ ಧಸಕ್ ಅನ್ನಬೇಕು. ನಾನು ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ಮಗ್ಗಿ ಮಾತ್ರ ಇವತ್ತಿಗೂ ಬಾಯಲ್ಲಿದೆ. ಅದು ಯಾಕೆ ಹೇಳಿದೆ ಅಂತ ಆಮೇಲೆ ಗೊತ್ತಾಗುತ್ತೆ.

ಕೆಡದೇ ಇದ್ದ ಬೈಕು

ಪಕ್ಕದ ಮನೆಯಲ್ಲಿ ಲೆಕ್ಕದ ಮೇಷ್ಟ್ರು, ಅವರ ತಾಯಿ, ಇಬ್ಬರೇ. ಮೇಷ್ಟ್ರಿಗೆ ಮೂವತ್ತೊಂಬತ್ತು, ಮದುವೆ ಇಲ್ಲ. ದಿನಾ ಚಿಕ್ಕಬಳ್ಳಾಪುರ ದಾಟಿ ಹೈವೇಲಿ ದೇವನಹಳ್ಳಿ ಕಡೆ ಸ್ಕೂಲಿಗೆ ಹಳೇ ಬೈಕಲ್ಲಿ ಹೋಗಿ ಬರ್ತಾರೆ. ಒಂದು ಭಾನುವಾರ ಆ ಬೈಕನ್ನು ಶೆಡ್ಡಿಗೆ ತಂದು ನಿಲ್ಲಿಸಿದರು.

"ಏನು ಕೆಟ್ಟಿದೆ ಸಾರ್?" ಅಂದ ಮೆಕ್ಯಾನಿಕ್ಕು.

"ಏನೂ ಕೆಟ್ಟಿಲ್ಲ. ಹೈವೇಲಿ ಎಪ್ಪತ್ತು ಮುಟ್ಟಿದ್ರೆ ಇಂಜಿನ್ ಕಿರುಚುತ್ತೆ. ಸ್ಪ್ರಾಕೆಟ್ ಬದಲಾಯಿಸು."

ಸ್ಪ್ರಾಕೆಟ್ ಅಂದರೆ ಚೈನು ಸುತ್ತೋ ಹಲ್ಲಿನ ಚಕ್ರ. ಮುಂದೆ ಚಿಕ್ಕದು, ಹದಿನಾಲ್ಕು ಹಲ್ಲು. ಹಿಂದೆ ದೊಡ್ಡದು, ನಲವತ್ತೆರಡು. ಮೇಷ್ಟ್ರು ಮುಂದೆ ಹದಿನೈದು ಹಾಕಿಸಿ, ಹಿಂದೆ ಮೂವತ್ತೆಂಟಕ್ಕೆ ಇಳಿಸಿದರು. ಹಾಗೆ ಮಾಡಿದರೆ ಅದೇ ಸ್ಪೀಡಿಗೆ ಇಂಜಿನ್ ಕಡಿಮೆ ಸುತ್ತುತ್ತಂತೆ. ಚೆನ್ನಾಗಿರೋ ಗಾಡಿಯ ಹೊಟ್ಟೆ ಬಿಚ್ಚಿಸಿದ್ದು ನೋಡಿ ನನ್ನ ಕೈಲಿದ್ದ ಹೂ ಹಾಗೇ ನಿಂತುಹೋಯ್ತು.

"ಸಾರ್, ಏರಲ್ಲಿ ಎಳೆಯಲ್ಲ. ಹಿಂದೆ ಹೆಂಗಸರನ್ನ ಕೂರಿಸಿಕೊಂಡ್ರಂತೂ ಕಷ್ಟ."

"ನನ್ನ ಹಿಂದೆ ಯಾರಪ್ಪ ಕೂರ್ತಾರೆ?" ಅಂದರು ಮೇಷ್ಟ್ರು.

ಪಂಚರ್ ಹಾಕಿಸ್ತಾ ಇದ್ದ ಮೂರು ಜನ ಅವರನ್ನ ಹೊಟ್ಟೆಕಿಚ್ಚಿನಿಂದ ನೋಡಿದರು. ಮೂವರಿಗೂ ಮದುವೆಯಾಗಿತ್ತು.

ಬಿಟ್ಟುಹೋದ ಆರು

ಮೊದಲೆಲ್ಲ ಬೈಕು ತಿರುವಿನಲ್ಲಿ ಕಿರುಚಿದ ಕೂಡಲೇ ಮೇಷ್ಟ್ರ ತಾಯಿ ಮುದ್ದೆಗೆ ಎಸರು ಇಡೋಳು. ಈಗ ಆ ಸದ್ದೇ ಇಲ್ಲ. ಒಂದು ಸಂಜೆ ನನ್ನ ಪಕ್ಕದಲ್ಲೇ ಕೂತು, ಫೋನು ಜೋರು ಮಾಡಿ, ಚಿಂತಾಮಣಿಯ ಹೆಣ್ಣಿನ ಕಡೆಯವರ ಜೊತೆ ಮಾತಾಡ್ತಾ ಇದ್ದಳು.

"ನಮ್ಮ ಹುಡುಗನಿಗೆ ಈಗ ತಾನೇ ಮೂವತ್ತಮೂರು ತುಂಬ್ತು ಕಣಮ್ಮ."

"ಅಮ್ಮ, ಆರು ಬಿಟ್ಟೋಯ್ತು."

ತಿರುಗಿ ನೋಡಿದರೆ ಮೇಷ್ಟ್ರು ಬೈಕಿನ ಮೇಲೇ ಕೂತಿದ್ದಾರೆ. ಬಂದಿದ್ದು ನಮಗಿಬ್ಬರಿಗೂ ಕೇಳಿಸಿರಲಿಲ್ಲ. ಆ ತಾಯಿ ಮುಖ ಸುಣ್ಣದ ಗೋಡೆ ಆಯ್ತು. ಮುರೀತು ಸಂಬಂಧ ಅಂದುಕೊಂಡೆ. ಆಗ ಫೋನಲ್ಲಿ ಒಂದು ಹೆಣ್ಣು ದನಿ.

"ಈಗ ಮಾತಾಡಿದ್ದು ಹುಡುಗನೇನಾ? ಹಾಗಾದ್ರೆ ನಂದೂ ಕೇಳ್ಕೊಳ್ಳಿ. ನಮ್ಮೋರು ಹೇಳಿದ ಇಪ್ಪತ್ತೆಂಟು ನನ್ನ ವಯಸ್ಸಲ್ಲ, ನನ್ನ ತಂಗೀದು."

ಬೆಟ್ಟದ ಏರು

ಅವಳೇ ಒಪ್ಪಿದಳು. ರೇಷ್ಮೆ ನೂಲು ಬಿಚ್ಚೋ ಮನೆ ಹುಡುಗಿ, ಗಟ್ಟಿಗಿತ್ತಿ. ಮದುವೆಗೆ ಇನ್ನೂ ತಿಂಗಳಿರುವಾಗಲೇ ಇಬ್ಬರೂ ಬೈಕಲ್ಲಿ ನಂದಿ ಬೆಟ್ಟಕ್ಕೆ ಹೋದರು. ತಾಳಿ ಕಟ್ಟಿಸಿಕೊಂಡ ಮೇಲೂ ಎಂಟು ದಿನ ನಾನು ಗಂಡನ ಮುಖ ನೆಟ್ಟಗೆ ನೋಡಿರಲಿಲ್ಲ. ಇವರು ಬೆಟ್ಟವನ್ನೇ ನೋಡೋಕೆ ಹೊರಟರು.

ಮಧ್ಯಾಹ್ನ ತರಕಾರಿ ಆಟೋದವನು ಬಂದು, "ದೊಡ್ಡಮ್ಮ, ನಿಮ್ಮ ಮೇಷ್ಟ್ರು ಒಬ್ಬರೇ ಬೈಕಲ್ಲಿ ಬೆಟ್ಟ ಹತ್ತುತಾ ಇದ್ರು. ಹೊಸ ಸೀರೆ ಉಟ್ಕೊಂಡು ಒಂದು ಹುಡುಗಿ ಹಿಂದೆ ನಡ್ಕೊಂಡು ಬರ್ತಾ ಇತ್ತು" ಅಂದ.

ನಾನು ಇದನ್ನ ಯಾರಿಗೂ ಹೇಳಲಿಲ್ಲ. ಎರಡೇ ಮನೆಗೆ ಹೇಳಿದೆ. ದೀಪ ಹಚ್ಚೋ ಹೊತ್ತಿಗೆ ಅದು ಊರು ಸುತ್ತಿ ನನ್ನ ಹತ್ತಿರವೇ ವಾಪಸ್ ಬಂತು: ಮೇಷ್ಟ್ರು ಹುಡುಗೀನ ನಡುದಾರಿಯಲ್ಲಿ ತಳ್ಳಿ ಓಡಿಹೋದರಂತೆ, ಅವಳು ಚಪ್ಪಲಿ ಕೈಲಿ ಹಿಡಿದು ಅಟ್ಟಿಸಿಕೊಂಡು ಹೋದಳಂತೆ. ಕೇಳಿ ನಾನೇ ಬಾಯಿ ಮೇಲೆ ಕೈ ಇಟ್ಟುಕೊಂಡೆ. ಮೇಷ್ಟ್ರ ತಾಯಿ ಆ ರಾತ್ರಿ ಊಟ ಮಾಡಲಿಲ್ಲ. ಹುಡುಗಿಯ ಸೋದರಮಾವ ಬೆಳಿಗ್ಗೆ ಬಂದು ಸಂಬಂಧ ಮುರೀತಾನೆ ಅಂತ ಫೋನ್ ಬಂದಿತ್ತು.

ನಾನು ಮಾತ್ರ ಊಟ ಮಾಡಿದೆ. ಬೆಳಿಗ್ಗೆ ಏನೇನು ನೋಡಬೇಕೋ, ಶಕ್ತಿ ಬೇಕಲ್ಲ.

ಮೂರರ ಮಗ್ಗಿ

ಮಾವ ಆಟೋದಲ್ಲಿ ಬಂದ, ಹುಡುಗಿಯೂ ಜೊತೆಗೇ. ಮೇಷ್ಟ್ರು ಶೆಡ್ಡಲ್ಲಿದ್ದರು.

"ಏಮಯ್ಯಾ, ನಮ್ಮ ಹುಡುಗಿ ಏನು ಮೂಟೇನಾ, ದಾರೀಲಿ ಇಳಿಸಿ ಹೋಗೋಕೆ?"

ಹುಡುಗಿಯೇ ಅಂದಳು, "ಇಳಿಸಲಿಲ್ಲ ಮಾವ. ಹಲ್ಲಿನ ಚಕ್ರ ಬದಲಾಯಿಸಿದ್ರಲ್ಲ, ಬೆಟ್ಟದ ತಿರುವಿನಲ್ಲಿ ಬೈಕು ಇಬ್ಬರನ್ನ ಎಳೀಲಿಲ್ಲ, ನಾನೇ ಇಳ್ದೆ. ಇವರು ಪ್ರತಿ ತಿರುವಿಗೂ ನಿಂತು ನನಗೆ ಕಾಯ್ತಾ ಇದ್ರು. ಯಾರೋ ಪುಣ್ಯಾತ್ಗಿತ್ತಿ ಅರ್ಧ ನೋಡಿ ಪೂರ್ತಿ ಹೇಳವ್ಳೆ."

ನಾನು ತಲೆ ಎತ್ತದೆ ಹೂ ಕಟ್ಟಿದೆ.

"ಎಳೀದೇ ಇರೋ ಗಾಡೀಲಿ ಸಂಸಾರ ಹೆಂಗೆ?" ಅಂದ ಮಾವ. "ಆ ಚಕ್ರ ಈಗಲೇ ಕಿತ್ತಾಕಿಸು, ಇಲ್ಲಾಂದ್ರೆ ನಾವು ಹೊರಟ್ವಿ."

"ಮುಂದಿನ ಹದಿನೈದು ಹಲ್ಲಿಂದು ತೆಗೆಯಲ್ಲ" ಅಂದರು ಮೇಷ್ಟ್ರು. "ಲೆಕ್ಕ ಹಾಕಿ ಹಾಕಿಸಿರೋದು." ಮದುವೆ ಒಂದು ಹಲ್ಲಿಗೆ ನೇತಾಡ್ತಾ ಇತ್ತು.

ಹುಡುಗಿ ಸೆರಗು ಸಿಕ್ಕಿಸಿ ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂತಳು. ನೂಲಿನ ಮನೆಯವಳು, ದೊಡ್ಡ ಚಕ್ರ ಚಿಕ್ಕ ಚಕ್ರ ನೋಡಿಯೇ ಬೆಳೆದವಳು. ಬೆರಳಲ್ಲಿ ಹಲ್ಲು ಎಣಿಸಿ ಎದ್ದಳು.

"ಮುಂದಿಂದು ನಿಮ್ಮಿಷ್ಟ, ಇರಲಿ ಬಿಡಿ. ಹಿಂದೆ ಮಾತ್ರ ನಲವತ್ತೈದು ಹಾಕಿಸಿ."

"ಹಾಗಾದರೆ ಆಗಬಹುದು" ಅಂದರು ಮೇಷ್ಟ್ರು. ಮಾವನೂ ಹೂಂ ಅಂದ.

ನನ್ನ ಕೈ ಮತ್ತೆ ನಿಂತಿತು. ಹದಿನಾಲ್ಕು ಮೂರ್ಲೆ ನಲವತ್ತೆರಡು, ಅದು ಹಳೇ ಬೈಕು. ಹದಿನೈದು ಮೂರ್ಲೆ ನಲವತ್ತೈದು, ಇದು ಹೊಸದು. ಎರಡರಲ್ಲೂ ಹಿಂದಿನದು ಮುಂದಿನದರ ಮೂರರಷ್ಟು, ಎರಡೂ ಒಂದೇ ಅಲ್ಲವಾ. ಇಷ್ಟೆಲ್ಲ ಬಿಚ್ಚಿಸಿ ಕಟ್ಟಿಸಿ ಬೈಕು ಇದ್ದಲ್ಲಿಗೇ ಬಂತು. ಸಂಜೆ ಅದು ತಿರುವಿನಲ್ಲಿ ಮೊದಲಿನ ಹಾಗೇ ಕಿರುಚಿತು, ಒಳಗೆ ತಾಯಿ ಎಸರಿಟ್ಟಳು.

ನನಗೆ ತಡೆಯಲಾಗಲಿಲ್ಲ. ಮೇಷ್ಟ್ರನ್ನ ಹತ್ತಿರ ಕರೆದೆ. "ಅಲ್ಲಪ್ಪ, ಲೆಕ್ಕದ ಮೇಷ್ಟ್ರಾಗಿ ನಿನಗೆ ಮೂರರ ಮಗ್ಗಿ ಬರಲ್ವಾ?"

ಅವರು ಮನೆ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. "ಬರುತ್ತೆ ದೊಡ್ಡಮ್ಮ. ಅವಳು ನಲವತ್ತೈದು ಅಂದಾಗಲೇ ಗೊತ್ತಾಯ್ತು. ಮಾವನ ಎದುರು ನಾನು ಸೋಲದ ಹಾಗೆ ಅವಳು ನೋಡಿಕೊಂಡಳು, ಅದು ಗೊತ್ತೇ ಆಗದವನ ಹಾಗೆ ನಾನು ಇದ್ದೆ. ಮದುವೆ ಆಗೋವರೆಗೂ ನೀವು ಇದನ್ನ ಯಾರಿಗೂ ಹೇಳ್ಬೇಡಿ."

ದೇವರಾಣೆ, ನಾನು ಯಾರಿಗೂ ಹೇಳಲಿಲ್ಲ. ಎರಡೇ ಮನೆಗೆ.