ಬಿಸಿಲಿಗೂ ಪಂಕ್ತಿ ಹಾಕಿದ ಮಾವ

ನಮ್ಮ ಸೋದರಮಾವನ ಜೊತೆ ಮದುವೆ ಊಟಕ್ಕೆ ಕೂರುವವರು ಮನೆಯಲ್ಲೇ ಎರಡು ಇಡ್ಲಿ ತಿಂದುಕೊಂಡು ಹೋಗುವುದು ಕ್ಷೇಮ! ಪಂಕ್ತಿಯ ಕೊನೆಯ ಎಲೆಗೆ ಅನ್ನ ಬೀಳುವವರೆಗೆ ಆತ ತುತ್ತು ಎತ್ತುವುದಿಲ್ಲ. ಅಕ್ಕಪಕ್ಕದವರನ್ನೂ ಎತ್ತಲು ಬಿಡುವುದಿಲ್ಲ. ದೇವನಹಳ್ಳಿಯ ಒಂದು ಛತ್ರದಲ್ಲಿ ಬೀಗರ ಕೈಯನ್ನೇ ಹಿಡಿದುಬಿಟ್ಟಿದ್ದ. ಪಾಪ, ಬೀಗರಿಗೆ ಸಕ್ಕರೆ ಕಾಯಿಲೆ, ಹಸಿವಿಗೆ ಕೈ ನಡುಗುತ್ತಿತ್ತು. ಮಾವನಿಗೆ ಅದು ಕಾಣಬೇಕಲ್ಲ!

ಇಂಥವನು ಸೋಲಾರ್‌ಗೂ ಪಂಕ್ತಿ ಹಾಕಲು ಹೊರಟ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮನೆಮನೆಗೂ ವಿದ್ಯುತ್ ಮಗ್ಗ. ಮಾವನ ಮನೆಯಲ್ಲಿ ಎರಡು. ಒಂದು ಅವನದು, ಒಂದು ಅತ್ತೆಯದು. ಮಾಳಿಗೆ ಮೇಲೆ ಪ್ಯಾನಲ್ ಬಂದರೆ ಕರೆಂಟ್ ಬಿಲ್ ಇಳಿಯುತ್ತದೆ, ಮಗ್ಗ ಉಳಿಯುತ್ತದೆ ಎಂಬುದು ಅತ್ತೆಯ ಆಸೆ. ಆದರೆ ಬೀದಿಯ ಟ್ರಾನ್ಸ್‌ಫಾರ್ಮರ್ ತಾಳುವುದು ಇಷ್ಟೇ ಸೋಲಾರ್, ಆಮೇಲೆ ಬಂದವರಿಗೆ ಅನುಮತಿ ಇಲ್ಲ ಎಂದು ಲೈನ್‌ಮನ್ ಹೇಳಿದ್ದೇ ತಡ, ಮಾವ ಎಲ್ಲರನ್ನೂ ಜಗಲಿಗೆ ಕರೆದ. ಮನೆಗಿಷ್ಟು ಎಂದು ಹಂಚಿಕೊಂಡು ಒಟ್ಟಿಗೆ ಅರ್ಜಿ ಹಾಕೋಣ ಎಂದ. ಬಂದವರು ಅತ್ತೆ ಮಾಡಿದ ಬೋಂಡ ಮುಗಿಸಿ, ಏರ್‌ಪೋರ್ಟ್ ಕಡೆಯ ಸೈಟಿನ ರೇಟು ಮಾತಾಡಿಕೊಂಡು ಎದ್ದರು.

"ಬಿಸಿಲೇನು ಪಿತ್ರಾರ್ಜಿತ ಆಸ್ತಿನಾ ಅಣ್ಣಾ, ಪಾಲು ಮಾಡಕ್ಕೆ?" ಎಂದ ಪಕ್ಕದ ಮನೆಯ ನಂಜುಂಡ.

"ಬಿಸಿಲಿಗೆ ಪಾಲಿಲ್ಲ ಕಣೋ. ತಂತಿಗೆ ಐತೆ," ಎಂದ ಮಾವ.

ನಂಜುಂಡ ಮೊದಲು ಹೋಗಿ ಮಾಳಿಗೆ ತುಂಬ ಪ್ಯಾನಲ್ ಹಾಕಿಸಿದ. ಬಟ್ಟೆ ಒಣಗಿಸಲೂ ಜಾಗ ಬಿಡಲಿಲ್ಲ. ಅವನ ಹಿಂದೆ ಒಬ್ಬೊಬ್ಬರಾಗಿ ಬೀದಿಯವರು ಹಾಕಿಸತೊಡಗಿದರು.

"ನಮ್ದೂ ಹಾಕ್ಸ್‌ಬಿಡಿ ಅಂದ್ರೆ," ಎಂದು ಅತ್ತೆ ಗೋಗರೆದಳು.

"ಕೊನೇ ಮನೆ ಪುಟ್ಟಮ್ಮಂಗೆ ಇನ್ನೂ ಲೋನ್ ಆಗಿಲ್ಲ. ತಡ್ಕೋ."

ಪುಟ್ಟಮ್ಮನಿಗೆ ಲೋನ್ ಆಯಿತು. ಇಬ್ಬರೂ ಒಟ್ಟಿಗೆ ಅರ್ಜಿ ಹಾಕಿದರು. ಅಷ್ಟರಲ್ಲಿ ಟ್ರಾನ್ಸ್‌ಫಾರ್ಮರ್‌ನಲ್ಲಿ ಉಳಿದಿದ್ದು ಒಂದೇ ಮನೆಗೆ ಸಾಲುವಷ್ಟು. ಈ ಪುಣ್ಯಾತ್ಮ ತನ್ನ ಅರ್ಜಿ ವಾಪಸ್ ತೆಗೆದುಕೊಂಡ! ಅತ್ತೆ ಅವನ ಜೊತೆ ಮಾತು ಬಿಟ್ಟಳು. ನನಗೂ ಹೊಟ್ಟೆ ಉರಿಯಿತು, ಈಗಲೂ ಉರಿಯುತ್ತದೆ.

ಬೇಸಿಗೆ ಬಂತು. ಮಗ್ಗಗಳಿಗೆ ರಜೆಯಿದ್ದ ಮಧ್ಯಾಹ್ನಗಳಲ್ಲಿ, ಬೀದಿಯಲ್ಲಿ ಕರೆಂಟ್ ಬಳಸುವವರಿಲ್ಲದೆ ವೋಲ್ಟೇಜ್ ಏರಿ ಎಲ್ಲರ ಸೋಲಾರ್ ತಾನಾಗಿ ನಿಂತುಬಿಡತೊಡಗಿತು. ನಂಜುಂಡ ತಲೆ ಕೆರೆಯುತ್ತ ಜಗಲಿಗೆ ಬಂದ. "ಅಣ್ಣಾ, ಎಲ್ರನ್ನೂ ಒಂದ್ಸಲ ಕೂರ್ಸಿ ಮಾತಾಡಿ."

ಮಾವ ಕೂರಿಸಿದ, ಬೇಸರವೇ ಇಲ್ಲದೆ! ಯಾರು ಎಷ್ಟು ಬಳಸಬೇಕು, ಯಾವ ಮಗ್ಗ ಯಾವಾಗ ಓಡಬೇಕು ಎಂದು ಎಲ್ಲರೂ ಗಂಭೀರವಾಗಿ ಚರ್ಚಿಸಿದರು. ಬೋಂಡ ಮಾತ್ರ ಇರಲಿಲ್ಲ.

ಆ ಹೊತ್ತಿಗೆ, ಕರೆಂಟ್ ಬಿಲ್ ಕಟ್ಟಲಾಗದೆ ಮಾರಲು ಹೊರಟಿದ್ದ ಮಾವನ ಮಗ್ಗಗಳಿಗೆ ಗಿರಾಕಿ ಸಿಕ್ಕಿಯಾಗಿತ್ತು. ಹೋದ ತಿಂಗಳು ಎರಡೂ ಟೆಂಪೋ ಹತ್ತಿದವು. ಮದುವೆಯಾದಾಗಿನಿಂದ ಮಗ್ಗದ ಸದ್ದಿನಲ್ಲೇ ಸಂಸಾರ ಮಾಡಿದ ದಂಪತಿ. ಆ ಮನೆಯಲ್ಲಿ ಕೂಗದೆ ಯಾವ ಮಾತೂ ನಡೆದದ್ದಿಲ್ಲ. ಟೆಂಪೋ ಹೋದ ಮೇಲೆ ಮಾವ ಖಾಲಿ ಕೋಣೆಯಲ್ಲಿ ನಿಂತು, ಎಂದಿನಂತೆ ಗಂಟಲು ಹರಿಯುವಂತೆ ಕೂಗಿದ. "ಲೇ, ಒಂಚೂರು ಕಾಫಿ ಕೊಡ್ತೀಯಾ?"

ಅಷ್ಟು ದಿನ ಮಾತು ಬಿಟ್ಟಿದ್ದ ಅತ್ತೆ ಬಾಗಿಲಿಗೆ ಬಂದಳು.

"ಮೆಲ್ಲಗೆ ಹೇಳಿ," ಎಂದಳು. "ಈಗ ಕೇಳ್ಸುತ್ತೆ."