ಹಲಗೆಯ ಮೇಲೆ ಮೇಷ್ಟ್ರ ತೂಕ

ವಿಜ್ಞಾನದ ಮೇಷ್ಟ್ರಿಗೆ ಹೆಂಡತಿಯ ಮೇಲೆ ಒಂದೇ ಒಂದು ದೂರಿತ್ತು. ಅವಳು ಅವರನ್ನು ತೀರಾ ನಂಬುತ್ತಿದ್ದಳು. ಅನುಮಾನದ ಹೆಂಡತಿ ಸಿಕ್ಕಿದ್ದರೆ ತಾವು ಇಷ್ಟು ಕೆಡುತ್ತಲೇ ಇರಲಿಲ್ಲ (ಇದು ಮೇಷ್ಟ್ರ ವಾದ).

ಮೂರು ತಿಂಗಳ ಹಿಂದೆ ಡಾಕ್ಟರು, "ತೊಂಬತ್ತು ಕೆ.ಜಿ. ಮೇಷ್ಟ್ರೇ, ಪಾಪ ಮಂಡಿ ಎಷ್ಟು ದಿನ ಹೊರುತ್ತೆ?" ಎಂದಿದ್ದರು. ಅಂದಿನಿಂದ ಮನೆಯಲ್ಲಿ ಎಣ್ಣೆ, ಸಕ್ಕರೆಗೆ ಗಡೀಪಾರು. ಬೇಯಿಸಿದ ತರಕಾರಿಯೇ ಮೃಷ್ಟಾನ್ನ. "ನೀವೊಬ್ರೇ ಸಪ್ಪೆ ತಿಂತಾ ಕೂತ್ರೆ ನನ್ನ ಗಂಟಲಲ್ಲಿ ಇಳಿಯಲ್ಲ ರೀ" ಎಂದು ಹೆಂಡತಿಯೂ ಅದನ್ನೇ ತಿನ್ನತೊಡಗಿದಳು. ಅವಳ ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಮೇಷ್ಟ್ರು ಮಾತ್ರ ಶಾಲೆಯೆದುರಿನ ಬೇಕರಿಯಲ್ಲಿ ಎರಡು ಕ್ರೀಮ್ ಬನ್ನು ಮುಗಿಸಿ, ಮೀಸೆ ಒರೆಸಿಕೊಂಡು ಬಂದು, "ಎಪ್ಪತ್ತೈದಕ್ಕೆ ಇಳಿದೆ ಕಣೇ" ಎನ್ನುತ್ತಿದ್ದರು. ಅವಳ ಮುಖ ಅರಳುತ್ತಿತ್ತು. ಅದನ್ನು ಕಂಡು ಮೇಷ್ಟ್ರಿಗೆ ಒಳಗೆಲ್ಲೋ ಚುರುಕ್ ಎನ್ನುತ್ತಿತ್ತು. ಆ ಚುರುಕನ್ನು ಮರೆಯಲು ಮರುದಿನ ಮೂರನೇ ಬನ್ನು ಬೇಕಾಗುತ್ತಿತ್ತು.

ಹೀಗಿರುವಾಗ ಪೋಷಕರು ಬಂದು ಪಾಠ ನೋಡುವ ದಿನ ಹತ್ತಿರವಾಯಿತು. ಪಾಠ, ಸನ್ನೆ (ಲಿವರ್). ಸಣ್ಣ ಬಲ ದೊಡ್ಡ ಭಾರವನ್ನು ಎತ್ತುವ ಯಾಂತ್ರಿಕ ಲಾಭವನ್ನು ಮಕ್ಕಳ ಕಣ್ಣಿಗೆ ಕಟ್ಟುವಂತೆ ತೋರಿಸಲು ಮೇಷ್ಟ್ರ ತಲೆಯಲ್ಲಿ ದಿವ್ಯವಾದ ಉಪಾಯವೊಂದು ಹೊಳೆಯಿತು.

"ನಾಳೆ ಎಲ್ಲರೆದುರು ನೀನು ನನ್ನನ್ನ ಎತ್ತಬೇಕು."

"ಥೂ, ನಾಚಿಕೆಯಾಗುತ್ತೆ ರೀ."

"ವಿಜ್ಞಾನದಲ್ಲಿ ಎಂಥ ನಾಚಿಕೆ?"

ಎಂದಿನಂತೆ ಅವಳು ನಂಬಿದಳು.

ಮರುದಿನ ತರಗತಿಯಲ್ಲಿ ಉದ್ದನೆಯ ಹಲಗೆ, ಅದರ ನಟ್ಟನಡುವೆ ಆಧಾರಕ್ಕೆ ಇಟ್ಟಿಗೆ. ಮೇಷ್ಟ್ರು ಒಂದು ಪಕ್ಕ ಮೂರಡಿಗೆ ಆಸೀನರಾದರು. ಆಗ ಮುಂದಿನ ಬೆಂಚಿನ ಹುಡುಗಿ (ಶಾಲೆಯಲ್ಲಿ ಅವಳ ಹೆಸರೇ ಪ್ರಶ್ನೆಪೆಟ್ಟಿಗೆ) ಎದ್ದಳು.

"ಸರ್, ನಿಮ್ಮ ತೂಕ ಎಷ್ಟು?"

ಮೇಷ್ಟ್ರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಹೆಂಡತಿಯೇ ಹೆಮ್ಮೆಯಿಂದ, "ಎಪ್ಪತ್ತೈದು ಕಣಮ್ಮ. ಹದಿನೈದು ಕೆ.ಜಿ. ಇಳಿಸಿದ್ದಾರೆ. ನಂದು ನಲವತ್ತೈದು, ನಿನ್ನೆ ತಾನೇ ನೋಡಿಸ್ದೆ" ಎಂದಳು. ಪೋಷಕರು ಚಪ್ಪಾಳೆ ತಟ್ಟಿದರು. ಮೇಷ್ಟ್ರು ನೆಲ ನೋಡಿದರು.

ತೂಕವನ್ನು ದೂರದಿಂದ ಗುಣಿಸುವ ಸನ್ನೆಯ ಲೆಕ್ಕದ ಪ್ರಕಾರ ಹೆಂಡತಿ ಐದಡಿಗೆ ಕೂತರೆ ಸಾಕಿತ್ತು. ಕೂತಳು. ಹಲಗೆ ಜಪ್ಪಯ್ಯ ಅಂದರೂ ಏಳಲಿಲ್ಲ. ಮೇಷ್ಟ್ರು ಮೆಲ್ಲಗೆ ನೆಲವನ್ನು ಒತ್ತಿದರು. ಹಲಗೆ ಏಳತೊಡಗಿತು.

"ಸರ್, ನಿಮ್ಮ ಕಾಲು ನೆಲದ ಮೇಲಿದೆ."

"ಬರೀ ಹೆಬ್ಬೆರಳಮ್ಮ."

"ಹೆಬ್ಬೆರಳೂ ಬಲ ಹಾಕುತ್ತೆ ಅಂತ ನೀವೇ ಹೇಳಿದ್ರಿ."

ಹೆಬ್ಬೆರಳು ಮೇಲೆ ಬಂತು, ಮೇಷ್ಟ್ರು ಕೆಳಗೆ ಹೋದರು. ಹೆಂಡತಿ ಹಿಂದೆ ಹಿಂದೆ ಸರಿಯುತ್ತ ಆರಡಿಗೆ, ಹಲಗೆಯ ಕಟ್ಟಕಡೆಗೆ ಹೋದಾಗ ಹಲಗೆ ಸಮವಾಗಿ ನಿಂತಿತು. ಪ್ರಶ್ನೆಪೆಟ್ಟಿಗೆ ಬೋರ್ಡಿನ ಮೇಲೆ ಗುಣಿಸಿ, ಭಾಗಿಸಿ, ತೊಂಬತ್ತು ಎಂದು ಬರೆದು ಅಡಿಗೆರೆ ಎಳೆದಳು.

"ಸರ್, ಸನ್ನೆ ತಪ್ಪಾ?"

ಹೌದು ಎಂದರೆ ಮಾನ ಉಳಿಯುತ್ತಿತ್ತು. ಇಟ್ಟಿಗೆ ಸೊಟ್ಟಗಿದೆ ಎಂದರೂ ಸಾಕಿತ್ತು. ಆದರೆ ತರಗತಿಗೆ ತರಗತಿಯೇ ಪೆನ್ಸಿಲು ಹಿಡಿದು ಕಾಯುತ್ತಿತ್ತು. ಮೇಷ್ಟ್ರ ಕಿವಿ ಕೆಂಪಾಯಿತು.

"ಸನ್ನೆ ಸುಳ್ಳು ಹೇಳಲ್ಲ ಮಗು. ಬರ್ಕೊಳ್ಳಿ. ತೊಂಬತ್ತು."

ಎದುರಿನ ತುದಿಯಿಂದ ಹೆಂಡತಿ ತಗ್ಗಿದ ದನಿಯಲ್ಲಿ ಕೇಳಿದಳು, "ಹಾಗಾದ್ರೆ ನಂದು ಹತ್ತು ಕೆ.ಜಿ. ಯಾಕೆ ಹೋಯ್ತು ರೀ?"

ಅವಳು ಬೈದಿದ್ದರೆ ಮೇಷ್ಟ್ರು ತಡೆದುಕೊಳ್ಳುತ್ತಿದ್ದರು.

"ಸರಿ, ನಾನು ಏಳ್ತೀನಿ."

"ಮೆತ್ತಗೆ ಏಳೇ."

"ಇಷ್ಟು ಸೊರಗಿರೋಳು ಇನ್ನೆಷ್ಟು ಮೆತ್ತಗೆ ಏಳಬೇಕು?"

ಎದ್ದಳು. ಮೇಷ್ಟ್ರು ದೊಪ್ಪನೆ ನೆಲಕ್ಕಿಳಿದರು.

ಪೋಷಕರ ನಡುವೆ ಕೂತಿದ್ದ ಹೆಡ್ ಮೇಡಂ ಕಣ್ಣೊರೆಸಿಕೊಂಡು ನಗುತ್ತ, "ಯಾಂತ್ರಿಕ ಲಾಭ ನನಗೇ ಇವತ್ತು ಅರ್ಥವಾಯ್ತು. ನಾಳೆ ಇನ್ನೊಂದು ತರಗತಿಗೂ ತೋರಿಸಿ ಮೇಷ್ಟ್ರೇ. ನೀವೂ ಬನ್ನಿ ಅಮ್ಮ" ಎಂದರು.

"ಬರ್ತೀನಿ ಮೇಡಂ. ಆದ್ರೆ ಇವತ್ತಿಂದ ನಾನು ಹೊಟ್ಟೆ ತುಂಬ ಊಟ ಮಾಡ್ತೀನಿ. ಲೆಕ್ಕ ಹೊಸದಾಗಿ ಮಾಡಿಸ್ಬೇಕಾಗುತ್ತೆ."

"ಒಳ್ಳೇದೇ ಆಯ್ತು. ಪ್ರತಿ ಶನಿವಾರ ಮೇಷ್ಟ್ರನ್ನ ಹಲಗೆ ಮೇಲೆ ಕೂರಿಸೋಣ. ಮಕ್ಕಳಿಗೆ ಅಭ್ಯಾಸವಾಗುತ್ತೆ."

ಮೇಷ್ಟ್ರು ಕೂತಲ್ಲಿಂದಲೇ ತಲೆಯಾಡಿಸಿದರು. ಅವರನ್ನು ಎಬ್ಬಿಸಿ ನಿಲ್ಲಿಸಲು ಇಬ್ಬರು ಪೋಷಕರು ಬೇಕಾದರು, ಅದೂ ಯಾವ ಲಾಭವೂ ಇಲ್ಲದೆ, ಬರಿಗೈಯಲ್ಲಿ.